ತೋಳಿನ ಹೊಲಿಗೆ

ಅಪ್ಪಾ,

ನೀನು ತೀರಿಕೊಂಡ ಮೇಲೆ, ದಪ್ಪಗಿದ್ದ ನಾನು ಅರ್ಧಕ್ಕರ್ಧ ಇಳಿದುಹೋದೆ. ನೀನು ಕೊನೆಗೆ ಹೊಲಿದುಕೊಟ್ಟ ನೀಲಿ ಅಂಗಿ ಜೋಲಾಡುತ್ತಿತ್ತು. ಈಗ ನಿನ್ನ ಟೈಲರ್ ಅಂಗಡಿ ನೋಡಿಕೊಳ್ಳುವ ಚಿಕ್ಕಪ್ಪನೇ ಅದನ್ನು ಒಳಗೆ ಹಿಡಿದು ಹೊಲಿದುಕೊಟ್ಟಿದ್ದ.

ಆಮೇಲೆ ಜಿಮ್ಮಿನಲ್ಲಿ ಭಾರ ಎತ್ತಲು ಶುರುಮಾಡಿದೆ. ಇವತ್ತು ನೋಡಿದರೆ ಅಂಗಿಯ ತೋಳು ಬಿಗಿ, ತೂಕವೂ ಏರಿದೆ. "ಕೊಬ್ಬಲ್ಲ, ಮಾಂಸಖಂಡ ಕಣ್ರೀ. ಖುಷಿಪಡಿ" ಎಂದಳು ಟ್ರೈನರ್. ಖುಷಿಯೋ ಭಯವೋ ನನಗೇ ತಿಳಿಯಲಿಲ್ಲ. ಸೀದಾ ಅಂಗಡಿಗೆ ಹೋದೆ.

"ಮತ್ತೆ ದಪ್ಪಗಾಗೋದು ಶುರುವಾಯ್ತೇನೇ?" ಎಂದ ಚಿಕ್ಕಪ್ಪ. ತೋಳು ಮಡಚಿ ತೋರಿಸಿದೆ. ಒತ್ತಿ ನೋಡಿ, "ಅಯ್ಯೋ, ಕಲ್ಲಿದ್ದಂಗಿದೆಯಲ್ಲೇ!" ಎಂದು ನಕ್ಕ.

ಅವನ ಹೊಲಿಗೆ ಬಿಚ್ಚಿದಾಗ ನಿನ್ನ ಹೊಲಿಗೆ ಕಂಡಿತು. ಅದರಾಚೆಗೂ ನೀನು ಎರಡು ಬೆರಳಗಲ ಬಟ್ಟೆ ಬಿಟ್ಟಿದ್ದೆ. ಒಂದಿಷ್ಟೂ ಬಣ್ಣ ಮಾಸಿರಲಿಲ್ಲ. ನಾನು ಇನ್ನೂ ದಪ್ಪವಾಗುತ್ತೇನೆಂದು ಬಿಟ್ಟೆಯೋ, ದಪ್ಪವಾದರೂ ಪರವಾಗಿಲ್ಲವೆಂದು ಬಿಟ್ಟೆಯೋ? ಈಗ ಯಾರನ್ನು ಕೇಳಲಿ?

"ಎಷ್ಟು ಬಿಡಿಸಲಿ ಹೇಳೇ? ನಿಮ್ಮಪ್ಪ ಎಷ್ಟು ಅಳತೆ ಇಟ್ಟಿದ್ದ?"

ನೀನು ನನ್ನ ಅಳತೆ ತೆಗೆದದ್ದೇ ಇಲ್ಲ. ಚಿಕ್ಕವಳಿದ್ದಾಗ ಟೇಪು ಕಂಡು ಒಮ್ಮೆ ಅತ್ತಿದ್ದೆನಂತೆ. ಅಂದಿನಿಂದ ನೀನು ಕಣ್ಣಳತೆಯಲ್ಲೇ ಕತ್ತರಿ ಹಾಕುತ್ತಿದ್ದೆ.

ಚಿಕ್ಕಪ್ಪನಿಗೆ ಅದೆಲ್ಲ ಗೊತ್ತಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ನನ್ನ ತೋಳಿಗೆ ಸುತ್ತಿದ.

ಅವನು ಅಳೆಯುತ್ತಿದ್ದದ್ದು ಬರೀ ತೋಳನ್ನು, ಅಪ್ಪಾ. ನಾನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತಿದ್ದೆ.