ಎತ್ತಿ ತೆರೆಯುವ ಬಾಗಿಲು

ಅಕ್ಟೋಬರ್ 28, ಬೆಳಿಗ್ಗೆ

ಜರ್ಮನಿಯ ಅತಿಥಿಗಳು ಫ್ಲಾರೆನ್ಸ್ ರೈಲಿಗೆ ಹೋದರು. ಹಾಸಿಗೆ ಬಟ್ಟೆ ಒಗೆದು ಹಾಕಿದೆ. ಒಲೆಯ ಬೂದಿ ತೆಗೆದೆ. ಅವರದೂ ಅದೇ ದೂರು — ಕಲ್ಲಿನ ಮನೆ ಚೆಂದ, ಬಾಗಿಲು ಮಾತ್ರ ತೆಗೆಯಲು ಬರುವುದಿಲ್ಲ. ಸೊಂಟ ಕೊಟ್ಟು ಎತ್ತಬೇಕು, ಆಮೇಲೆ ಕೀಲಿಕೈ ತಿರುಗಿಸಬೇಕು. ಎಷ್ಟು ಸಲ ತೋರಿಸಿದರೂ ಅಷ್ಟೇ.

ಪಕ್ಕದ ಮನೆಯ ಅರ್ಜೀಯಾ ಚಿಕ್ಕಮ್ಮ ಅತಿಥಿಗಳಿಗೆ ಅಡುಗೆ ಮಾಡಿಕೊಡುತ್ತಾಳೆ. ಜೊತೆಗೆ ನನಗೆ ಬುದ್ಧಿವಾದ.

"ಊರವರ ಗೋಡೆಯೆಲ್ಲ ಕಟ್ತೀಯ, ನಿನ್ನ ಬಾಗಿಲು ಸರಿಮಾಡ್ಕೊಳ್ಳಕ್ಕೆ ಆಗಲ್ವೇನೋ ಸೆವೇರೋ?"

"ನೋಡೋಣ."

"ನಾಲ್ಕು ವರ್ಷದಿಂದ ನೋಡ್ತಾನೇ ಇದೀಯ. ಅವಳು ಬರಲ್ಲ ಕಣೋ."

ಬಂದರೆ? ಮಿರೆಲ್ಲಾಳ ಕೈಗೆ ಈ ಬಾಗಿಲು ಗೊತ್ತು. ಹನ್ನೊಂದು ವರ್ಷ ತೆರೆದದ್ದು. ಅವಳು ಹೋದ ಮೇಲೆ ಮನೆ ಅತಿಥಿಗಳಿಗೆ ಬಾಡಿಗೆಗೆ ಬಿಟ್ಟು ನಾನು ಕೊಟ್ಟಿಗೆಗೆ ಬಂದೆ. ವಿಚ್ಛೇದನದ ಕಾಗದವೂ ಬಂತು. ಬಾಗಿಲು ಮಾತ್ರ ಮುಟ್ಟಲಿಲ್ಲ. ಬಂದ ದಿನ ಏನೂ ಬದಲಾಗಿಲ್ಲ ಅಂತ ಅವಳಿಗೆ ಅನ್ನಿಸಬೇಕು. ಹುಚ್ಚ ಅನ್ನುವವರು ಅನ್ನಲಿ.

ಅಕ್ಟೋಬರ್ 31

ಹೊಸ ಬುಕಿಂಗ್. ಅರೆತ್ಸೋ ಪಟ್ಟಣದವನು, ಹೆಸರು ದಾರಿಯೋ ಅಂತೆ. ಇಬ್ಬರು, ಎರಡು ರಾತ್ರಿ. ಮೆಸೇಜ್ ಹಾಕಿದ್ದಾನೆ: ಜೊತೆಯವಳಿಗೆ ಎಲ್ಲಿಗೆ ಅಂತ ಹೇಳಿಲ್ಲ, ಸರ್ಪ್ರೈಸ್. ಅವಳಿಗೆ ಕಲ್ಲಿನ ಮನೆ ಅಂದರೆ ಪ್ರಾಣ. ಕಾಲು ಬೇಗ ತಣ್ಣಗಾಗುತ್ತದೆ, ಹಾಸಿಗೆ ಬೆಚ್ಚಗಿರಲಿ.

ಒಳ್ಳೆಯ ಮನುಷ್ಯ ಇರಬೇಕು.

ನವೆಂಬರ್ 7, ಸಂಜೆ 5

ಅವಳು.

ಕಾರಿನಿಂದ ಇಳಿದವಳು ಮಿರೆಲ್ಲಾ. ಕೆಳಗಿನ ತಿರುವಿನಲ್ಲೇ ಎಲ್ಲಿಗೆ ಅಂತ ಗೊತ್ತಾಗಿರಬೇಕು, ಮುಖದಲ್ಲಿ ರಕ್ತವಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೈ ಚಾಚಿದಳು.

"ನಮಸ್ಕಾರ. ದಾರಿ ತಪ್ಪಿತು, ನಿಮ್ಮನ್ನ ಕಾಯಿಸಿಬಿಟ್ವಿ."

ನಿಮ್ಮನ್ನ. ಹನ್ನೊಂದು ವರ್ಷ ಸಂಸಾರ ಮಾಡಿದವಳು. ಅವನಿಗೆ ಏನೂ ಗೊತ್ತಿಲ್ಲ ಅಂತ ಅರ್ಥವಾಯಿತು. ನಾನೂ "ಬನ್ನಿ" ಅಂದೆ.

ಗುರುತಿನ ಚೀಟಿ ಕೇಳಿದೆ. ಅತಿಥಿಗಳ ವಿವರ ಪೊಲೀಸರಿಗೆ ಕಳಿಸಬೇಕಲ್ಲ. ಅವಳು ಹುಟ್ಟಿದ ದಿನ ಬಾಯಿಪಾಠ. ಆದರೂ ನೋಡಿ ನೋಡಿ ಬರೆದುಕೊಂಡೆ.

ದಾರಿಯೋ ಆಗಲೇ ಬಾಗಿಲ ಜೊತೆ ಗುದ್ದಾಡುತ್ತಿದ್ದ. "ಬಿಡು" ಅಂದು ಮಿರೆಲ್ಲಾ ಸೊಂಟ ಕೊಟ್ಟಳು, ಎತ್ತಿದಳು, ತಿರುಗಿಸಿದಳು. ತೆರೆಯಿತು.

"ಅರೆ, ಈ ಮನೇಲೇ ಹುಟ್ಟಿದವಳ ಹಾಗೆ ತೆಗೆದ್ಯಲ್ಲ."

"ನಮ್ಮಜ್ಜಿ ಮನೆ ಬಾಗಿಲೂ ಹಿಂಗೇ ಇತ್ತು."

ಅವಳಜ್ಜಿ ಇದ್ದದ್ದು ಮೂರನೇ ಮಹಡಿಯ ಫ್ಲಾಟಿನಲ್ಲಿ.

ನಾಲ್ಕು ವರ್ಷ ಕಾದದ್ದು ಈ ಕ್ಷಣಕ್ಕೇ. ಬಂತು. ಹೀಗೆ ಬಂತು.

ಅದೇ ದಿನ, 7

ಚಿಕ್ಕಮ್ಮ ಚೆಸ್ಟ್‌ನಟ್ ಸೂಪಿನ ಪಾತ್ರೆ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಮಿರೆಲ್ಲಾಳನ್ನು ನೋಡಿದಳು, ನನ್ನನ್ನು ನೋಡಿದಳು. "ಹೊಸಬರಾ? ಬಿಸಿ ಇದೆ, ನಿಧಾನಕ್ಕೆ ಊಟ ಮಾಡಮ್ಮ." ಜನ್ಮದಲ್ಲಿ ಮೊದಲ ಸಲ ನಾಲಿಗೆ ಹಿಡಿದುಕೊಂಡಳು.

ಹಾಸಿಗೆಯಲ್ಲಿ ಪಾದ್ರಿಯನ್ನು ಇಟ್ಟು ಬಂದೆ. ಹಾಸಿಗೆ ಬೆಚ್ಚಗಾಗಲೆಂದು ಕೆಂಡದ ಬಾಣಲೆ ತೂಗುಹಾಕುವ ಮರದ ಚೌಕಟ್ಟಿಗೆ ನಮ್ಮ ಕಡೆ ಅದೇ ಹೆಸರು. ಪಾದ್ರಿ ಎದ್ದ ಮೇಲೆ ನೀವು ಮಲಗಿ ಅಂತ ಅತಿಥಿಗಳಿಗೆ ತಮಾಷೆ ಮಾಡುವವನು ಇವತ್ತು ಮಾಡಲಿಲ್ಲ. ಎಡಕ್ಕೆ ಸರಿಸಿಟ್ಟೆ. ಅವಳ ಕಡೆ.

ಅವಳು ಇನ್ನೊಬ್ಬನ ಜೊತೆ ಮಲಗುವ ಹಾಸಿಗೆಯನ್ನು ನಾನೇ ಬೆಚ್ಚಗೆ ಮಾಡಿಕೊಟ್ಟೆ. ಎದೆ ಒಡೆಯಿತು ಅಂತ ಬರೆದರೆ ತಪ್ಪೇನು. ಒಡೆಯಿತು.

ನವೆಂಬರ್ 9, ಬೆಳಿಗ್ಗೆ 10

ಹೊರಟರು. ದಾರಿಯೋ ಚೀಲಗಳನ್ನು ಕಾರಿಗೆ ಒಯ್ಯುವಾಗ ಅವಳು ಕೊಟ್ಟಿಗೆಗೆ ಬಂದಳು.

"ಪಾದ್ರಿನ ಎಡಗಡೆ ಇಟ್ಟಿದ್ದೆ ನೀನು."

"ಅಭ್ಯಾಸ."

"ಆ ಬಾಗಿಲು ಸರಿಮಾಡು ಸೆವೇರೋ. ನನಗೋಸ್ಕರ ಹಾಗೇ ಬಿಟ್ಟಿದ್ರೆ... ಬೇಡ. ನಾನು ಬರಲ್ಲ."

"ಗೊತ್ತು."

"ನಿಂಗೆ ಗೊತ್ತಿಲ್ಲ. ಅದಕ್ಕೇ ಹೇಳ್ತಿರೋದು."

ಅವಳ ಕಣ್ಣು ತುಂಬಿತ್ತು. ಹೊರಗೆ ಹೆಜ್ಜೆ ಸಪ್ಪಳವಾಯಿತು. "ನಿಮ್ಮಿಂದ ಬಹಳ ಉಪಕಾರ ಆಯ್ತು" ಅಂದಳು. ದಾರಿಯೋ ನನ್ನನ್ನು ತಬ್ಬಿಕೊಂಡ. ಬಯ್ಯೋಣವೆಂದರೆ ಅವನಲ್ಲಿ ಒಂದು ಐಬೂ ಸಿಗಲಿಲ್ಲ.

ಸಂಜೆ 4

ಬಾಗಿಲು ಕಳಚಿದೆ. ಮೇಲಿನ ತಿರುಗಣಿ ಬದಲಿಸಿದೆ. ಕೆಳಗಿನ ಅಂಚು ಉಜ್ಜುಗೊರಡಿನಿಂದ ಹೆರೆದೆ. ಚಿಕ್ಕಮ್ಮ ಬಂದು ಬಾಗಿಲು ಹಿಡಿದುಕೊಂಡಳು. ಎಲ್ಲ ಸೇರಿ ಒಂದು ಗಂಟೆಯ ಕೆಲಸ.

ಈಗ ಬೆರಳು ತಾಗಿಸಿದರೆ ಸಾಕು. ಯಾರು ಬೇಕಾದರೂ ತೆಗೆಯಬಹುದು.

ಚಿಕ್ಕಮ್ಮ ಹೋದ ಮೇಲೆ ಒಲೆ ನೋಡೋಣ ಅಂತ ಹೋದೆ. ಮರೆತು ಸೊಂಟ ಕೊಟ್ಟು ತಳ್ಳಿದೆ. ಮುಗ್ಗರಿಸಿ ಒಳಗೆ ಬಿದ್ದೆ. ಬಿದ್ದಲ್ಲೇ ಕೂತು, ಅವಳ ಹೆಸರು ಒಂದು ಸಲ ಕೂಗಿದೆ.