ಮೆತ್ತನೆಯ ಎಣ್ಣೆ

ಮನೆಯಿಂದ,
ಹದಿನೇಳನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಮೈಕೈ ನೆಟ್ಟಗಿದೆ ತಾನೇ? ಸೊಸೆ ಎಂದು ಬರೆದದ್ದಕ್ಕೆ ಹುಬ್ಬು ಗಂಟಿಕ್ಕಬೇಡ. ಕೋರ್ಟಿನ ಕಾಗದದಲ್ಲಿ ಸಂಬಂಧ ಹರಿದು ಎರಡು ವರ್ಷವಾಯಿತು, ನಿಜ. ಆದರೆ ಒಂಬತ್ತು ವರ್ಷ ಹಾಗೆ ಕರೆದ ಬಾಯಿಗೆ ಬೇರೆ ಮಾತು ಹೊರಳುವುದಿಲ್ಲ. ಮಕ್ಕಳಾಗಲೆಂದು ಕೊಡಿಸಿದ ಚುಚ್ಚುಮದ್ದುಗಳಿಂದ ನಿನ್ನ ಮುಖ ಊದಿಕೊಂಡಿತ್ತಲ್ಲ, ಈಗ ಇಳಿದಿದೆಯೇ? ಸೊಂಟನೋವು ಹೇಗಿದೆ? ಟೈಲರ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೀಯ ಎಂದು ಕೇಳಿದೆ. ಒಳ್ಳೆಯದಾಯಿತು. ಗುಂಡಿಗೆ ನೀನು ಹಾಕುತ್ತಿದ್ದ ಕಾಜಾ ಅಚ್ಚುಕಟ್ಟಾಗಿರುತ್ತಿತ್ತು, ಹೊಗಳಲು ನನಗೆ ಬಾಯಿ ಬರಲಿಲ್ಲ ಅಷ್ಟೇ. ನನ್ನ ಮಂಡಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತದೆ. ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ. ಪಾಪಿ ಚಿರಾಯು ಎಂದು ನೀನು ಮನಸ್ಸಿನಲ್ಲಿ ಅಂದುಕೊಂಡದ್ದು ಇಲ್ಲಿಗೇ ಕೇಳಿಸಿತು.

ವಿಷಯಕ್ಕೆ ಬರುತ್ತೇನೆ. ಮಗನಿಗೆ ಇನ್ನೊಂದು ಸಂಬಂಧ ಕೂಡಿಬಂದಿದೆ. ಹುಡುಗಿಗೆ ಇಪ್ಪತ್ತಾರು, ಚಪ್ಪಲಿ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಅಪ್ಪ ಅಮ್ಮ ಇಲ್ಲ, ಇರುವುದು ಒಬ್ಬ ಅಣ್ಣ. ಅವನು ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್. ಔಷಧಿ ಕಟ್ಟಿಕೊಡುವವನ ಬುದ್ಧಿ ನೋಡು, 'ಎರಡನೇ ಸಂಬಂಧ ಅಲ್ವಾ ಅಮ್ಮಾ, ಇಬ್ಬರಿಗೂ ಒಂದ್ಸಲ ಟೆಸ್ಟ್ ಆಗ್ಬಿಡ್ಲಿ, ಮನಸ್ಸಿಗೆ ಸಮಾಧಾನ' ಎಂದ. ನಾನು ಎದೆಯುಬ್ಬಿಸಿ ಒಪ್ಪಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಾವಲ್ಲ ಎಂದೆ. ಇದೇ ಮಾತನ್ನು ನೀನು ಒಮ್ಮೆ ಅಡುಗೆಮನೆಯಲ್ಲಿ, ಸೌಟಿನ ಕಡೆ ನೋಡುತ್ತಾ ಕೇಳಿದ್ದೆ, 'ಅತ್ತೆ, ಅವರೂ ಒಂದ್ಸಲ ತೋರಿಸ್ಕೊಂಡ್ರೆ...' ಎಂದು. ಗೊಡ್ಡು ಹಸು ಕಟ್ಕೊಂಡವನು ಹೋರೀನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾನಾ ಎಂದೆ ನಾನು. ಪಕ್ಕದ ಮನೆಯವಳು ಕಿಟಕಿಯಾಚೆ ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದು ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಟೆಸ್ಟಿನ ಕಾಗದ ಬಂತು. ಅವನಿಗೆ ವೀರ್ಯಾಣುವೇ ಇಲ್ಲವಂತೆ. ಕಡಿಮೆ ಅಲ್ಲ, ಇಲ್ಲವೇ ಇಲ್ಲ. ಎರಡು ಸಲ ನೋಡಿದರು, ಎರಡು ಸಲವೂ ಅದೇ. ಡಾಕ್ಟರು ಹೆಂಗಸು, ಹೆಚ್ಚುಕಡಿಮೆ ನಿನ್ನ ವಯಸ್ಸು. ಮಗನಿಗೆ ವಿಷಯ ಹೇಳಿ ಆಚೆ ಕೂರಿಸಿ, ನನ್ನನ್ನು ಒಳಗೆ ಕರೆದಳು. ತೊಡೆಸಂದಿಯ ಹೊಲಿಗೆ ಗುರುತು ಯಾವುದರದ್ದು ಎಂದು ಕೇಳಿದಳು. ಆ ಗುರುತಿನ ಬಗ್ಗೆ ನೀನೂ ಕೇಳಿದ್ದೆ, ಹರ್ನಿಯಾ ಎಂದು ನಾನು ಬಾಯಿ ಮುಚ್ಚಿಸಿದ್ದೆ. ಅದು ಹರ್ನಿಯಾ ಅಲ್ಲಮ್ಮ. ಹುಟ್ಟುವಾಗ ಅವನ ಬೀಜಗಳೆರಡೂ ಕೆಳಗಿಳಿದಿರಲಿಲ್ಲ. ಐದನೇ ವರ್ಷದಲ್ಲಿ ಆಪರೇಷನ್ ಮಾಡಿ ಇಳಿಸಿದರು. ದೊಡ್ಡವನಾದ ಮೇಲೆ ಒಮ್ಮೆ ತೋರಿಸಿ ಎಂದು ಆಗಿನ ಡಾಕ್ಟರು ಹೇಳಿದ್ದರು. ಗಂಡುಮಗನ ವಿಷಯ, ನಾಲ್ಕು ಜನರ ಬಾಯಿಗೆ ಬೀಳುವುದು ಬೇಡವೆಂದು ಅವನಿಂದಲೂ ಮುಚ್ಚಿಟ್ಟೆ. ಮೂವತ್ತು ವರ್ಷ ಹರ್ನಿಯಾ ಹರ್ನಿಯಾ ಎಂದು ಹೇಳಿ ಕೊನೆಗೆ ನಾನೇ ನಂಬಿಬಿಟ್ಟಿದ್ದೆ. ನಿನ್ನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಎಳೆದಾಡುವಾಗ ಎಂದಾದರೂ ನೆನಪಾಗಿತ್ತೇ ಎಂದು ಕೇಳಬೇಡ. ಆಗಿತ್ತು.

ಆಮೇಲೆ ಆ ಡಾಕ್ಟರು, ಬಸುರಿಯಾಗಿದ್ದಾಗ ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದಳು. ಗೊಂಬೆ ಕಾರ್ಖಾನೆ ಎಂದೆ. ನಿನಗೂ ಗೊತ್ತಲ್ಲ, ಒತ್ತಿದರೆ ಕೆನ್ನೆ ಗುಳಿಬೀಳುವ ಪ್ಲಾಸ್ಟಿಕ್ ಗೊಂಬೆಗಳು. ಗಟ್ಟಿ ಪ್ಲಾಸ್ಟಿಕ್ಕನ್ನು ಹಾಗೆ ಮೆತ್ತಗೆ ಮಾಡಲು ಒಂದು ಎಣ್ಣೆ ಬೆರೆಸುತ್ತಿದ್ದೆವು. ನೀರಿನಷ್ಟು ತಿಳಿ, ವಾಸನೆಯಿಲ್ಲ, ಉರಿಯಿಲ್ಲ. ಡ್ರಮ್ಮಿನ ಮೇಲೆ ನಮಗೆ ಬಾರದ ಭಾಷೆಯಲ್ಲಿ ಏನೋ ಬರೆದಿರುತ್ತಿತ್ತು. ಪಾಳಿ ಮುಗಿದ ಮೇಲೆ ಹೆಂಗಸರೆಲ್ಲ ತಳದಲ್ಲಿ ಉಳಿದದ್ದನ್ನು ಔಷಧಿ ಬಾಟಲಿಗೆ ಬಗ್ಗಿಸಿಕೊಂಡು ಮನೆಗೆ ತರುತ್ತಿದ್ದೆವು. ಒಡೆದ ಹಿಮ್ಮಡಿಗೆ, ಒರಟು ಕೈಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ನಮ್ಮ ಲೆಕ್ಕ. ಮೇಸ್ತ್ರಿಯೂ ತನ್ನ ಹೆಂಡತಿಗೆಂದು ಒಂದು ಬಾಟಲಿ ಒಯ್ಯುತ್ತಿದ್ದ. ಬಸುರಿನಲ್ಲಿ ನನ್ನ ಹೊಟ್ಟೆ ಬಿರಿದು ತುರಿಸುತ್ತಿತ್ತು, ದಿನವೂ ಬೆಳಿಗ್ಗೆ ಸಂಜೆ ಅದನ್ನೇ ಸವರಿಕೊಂಡೆ. ಮಗು ಹುಟ್ಟಿದ ಮೇಲೆ ಅವನಿಗೂ ತಿಕ್ಕಿದೆ, ವರ್ಷ ತುಂಬುವ ತನಕ. ಗೊಂಬೆಯೇ ಅಷ್ಟು ಮೆತ್ತಗಾಗುವುದಾದರೆ ನನ್ನ ಕೂಸು ಯಾಕೆ ಆಗಬಾರದು? ಬೆಣ್ಣೆಯ ಹಾಗಿದ್ದ. ಕಂಡವರೆಲ್ಲ ಮೈ ಸವರಿ ನೋಡುತ್ತಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟಳು. ಹೊಟ್ಟೆಯೊಳಗಿನ ಮಗುವಿಗೆ, ನೀನು ಗಂಡು, ಹೀಗೆ ಬೆಳೆ ಎಂದು ಹೇಳುವುದು ಮೈಯೊಳಗಿನ ಹಾರ್ಮೋನಂತೆ. ಇಂಥ ಎಣ್ಣೆ ನಡುವೆ ಬಾಯಿ ಹಾಕಿ ಆ ಮಾತನ್ನು ಕೆಡಿಸುತ್ತದಂತೆ. 'ನಿಮ್ಮ ಮಗನಿಗೆ ಇದರಿಂದಲೇ ಅಂತ ಬರ್ಕೊಡೋಕೆ ನನ್ನಿಂದ ಆಗಲ್ಲ ಅಮ್ಮಾ, ಆದ್ರೆ ಆಗಿರಬಹುದು' ಎಂದಳು. ಅದು ನೀರಿನ ಬಾಟಲಿಯಲ್ಲಿ, ಮಕ್ಕಳ ಆಟಿಕೆಯಲ್ಲಿ, ಸುಗಂಧದ ಪೌಡರಿನಲ್ಲಿ, ಎಲ್ಲ ಕಡೆ ಚೂರುಚೂರು ಇರುತ್ತದೆಂದೂ ಹೇಳಿದಳು. ಬೇರೆಯವರಿಗೆ ಚೂರು. ನಾನು ಅಂಗೈ ತುಂಬ ಸುರಿದುಕೊಂಡು ಉಜ್ಜಿದವಳು.

ಎಣ್ಣೆಯ ವಿಷಯ ಮಗನಿಗೆ ಹೇಳಿಲ್ಲ. ಈ ಕೈಯಿಂದ ತುತ್ತು ತಿಂದು ಬೆಳೆದವನು, ತಿಳಿದರೆ ಈ ಕೈಯನ್ನು ಮತ್ತೆ ಹೇಗೆ ನೋಡಿಯಾನು? ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದ. 'ಅವಳ ಕಾಲು ಹಿಡ್ಕೋಬೇಕಮ್ಮಾ' ಎಂದ, ನಿನ್ನನ್ನು ನೆನೆದು, ಒಂದೇ ಸಲ. ಕಾಲು ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಎದ್ದು ಊಟ ಮಾಡು ಎಂದೆ.

ನನ್ನ ತಂಗಿಯ ಮೊಮ್ಮಗುವಿನ ಹುಟ್ಟುಹಬ್ಬದ ದಿನ ನೆನಪಿದೆಯೇ? ನಿನ್ನ ತೊಡೆಯ ಮೇಲೆ ನಿದ್ದೆಹೋಗಿದ್ದ ಮಗುವನ್ನು ಕಿತ್ತುಕೊಂಡು, ಬಂಜೆ ನೆರಳು ಬೀಳೋದು ಬೇಡ ಎಂದೆ. ಅಷ್ಟು ಜನರ ಮುಂದೆ. ಮಗು ಎಚ್ಚರಗೊಂಡು ನಿನ್ನ ಕಡೆಗೇ ಕೈಚಾಚಿ ಅಳುತ್ತಿತ್ತು, ನೀನು ಎದ್ದು ಪಾತ್ರೆ ತೊಳೆಯಲು ಹೋದೆ. ಮರುವಾರವೇ ನಿನ್ನ ಪೆಟ್ಟಿಗೆಯನ್ನು ನಾನೇ ಹೊಸ್ತಿಲಿನಾಚೆ ಇಟ್ಟೆ. ತಪ್ಪಾಯಿತಮ್ಮಾ. ಈ ಒಂದು ಪದ ಬರೆಯಲು ಮೂರು ಹಾಳೆ ಹರಿದಿದ್ದೇನೆ.

ಕಣ್ಣು ಜೋಪಾನ, ದೀಪದ ಬೆಳಕಿನಲ್ಲಿ ಹೊಲಿಯಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರು ಅಂದು ಬೀದಿಯಲ್ಲಿ ನಿಂತು ಹಾಕಿದ ಶಾಪ ಸರಿಯಾದ ವಿಳಾಸಕ್ಕೇ ತಲುಪಿತೆಂದೂ ಹೇಳು.

ಎಂದೆಂದಿಗೂ,
ನಿನ್ನ ಅತ್ತೆ

ಮರೆತಿದ್ದೆ: ಮದುವೆ ಬರುವ ತಿಂಗಳು ಇಪ್ಪತ್ತೆರಡಕ್ಕೆ. ಆಸ್ಪತ್ರೆಯ ಕಾಗದವನ್ನು ಒಲೆಗೆ ಹಾಕಿದೆ. ಹುಡುಗಿಯ ಕಡೆಯವರಿಗೆ ಎಲ್ಲ ತಿಳಿಸಿದ್ದೇನೆ, ಒಪ್ಪಿದ್ದಾರೆ ಎಂದು ಮಗನಿಗೆ ಹೇಳಿದೆ, ಇವತ್ತು ಎದ್ದು ಕ್ಷೌರ ಮಾಡಿಸಿಕೊಂಡ. ಮಗ ಸರಿಯಾಗಿದ್ದಾನೆ, ಟೆಸ್ಟಿನ ಕಾಗದ ಎಲ್ಲೋ ಕಳೆದುಹೋಯಿತು, ದೋಷ ಇದ್ದದ್ದು ಮೊದಲಿನವಳಲ್ಲಿ ಎಂದು ಕಾಂಪೌಂಡರಿಗೆ ಹೇಳಿದೆ. ಅವನು 'ಹಾಗಾದ್ರೆ ಅವರನ್ನೇ ಒಂದ್ಮಾತು ಕೇಳ್ಬಿಡ್ತೀನಿ' ಎಂದ. ನಿನ್ನ ವಿಳಾಸವನ್ನು ನಾನೇ ಬರೆದುಕೊಟ್ಟೆ, ಭಾನುವಾರ ಬರುತ್ತಾನೆ. 'ಹೌದು, ತೊಂದರೆ ನನ್ನದೇ' ಎಂದು ಹೇಳಿಬಿಡು. ನಿನಗೆ ಒಂಬತ್ತು ವರ್ಷದ ರೂಢಿ, ಇನ್ನೊಂದು ಸಲ ಅಷ್ಟೇ. ಹುಡುಗಿ ನಿನ್ನ ಹಾಗೆಯೇ, ಎದುರು ಮಾತಾಡುವವಳಲ್ಲ. ಬೇಕೆಂದರೆ ನೀನು ಈ ಕಾಗದವನ್ನೇ ಅವನ ಕೈಗೆ ಕೊಡಬಹುದು. ಆದರೆ ಬಂಜೆ ಎನ್ನಿಸಿಕೊಳ್ಳುವುದು ಹೇಗಿರುತ್ತದೆಂದು ನಿನಗೆ ಗೊತ್ತು. ಅಂಥ ಮಾತನ್ನು ನನ್ನ ಮಗನಿಗೆ ಯಾರಿಂದಲೂ ಅನ್ನಿಸುವವಳಲ್ಲ ನೀನು. ಅದೇ ಧೈರ್ಯದಿಂದ ಎಲ್ಲವನ್ನೂ ಬರೆದೆ.