ಮುಗಿಲಿಗೆ ಬಿಸಿಲು ಕಲಿಸಿದ್ದು

ಇಸವಿ ೨೪೧೮, ಎರಡನೆಯ ಬೇಸಿಗೆ
ಒಂದು ಕಾಲಕ್ಕೆ ತುಂಗಭದ್ರೆ ಹರಿಯುತ್ತಿದ್ದ ದಂಡೆಯಿಂದ

ನನಗಿಂತ ನಾನೂರು ವರ್ಷ ಮೊದಲು ಬದುಕಿರುವ ಹಿರಿಯರೇ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಎರಡನೆಯ ಬೇಸಿಗೆ ಎಂದರೆ ನಿಮ್ಮ ಚಳಿಗಾಲ ಕೂರುತ್ತಿದ್ದ ಜಾಗದಲ್ಲಿ ಈಗ ಬಂದು ಕೂತಿರುವ ಕಾಲ. ಇನ್ನೊಂದು ಮಾತು ನೆರಳುಹೊತ್ತು. ಬೆಳಗಿನ ಊಟವಾದ ಮೇಲಿಂದ ಹೊತ್ತು ಮುಳುಗುವವರೆಗೆ ಊರಿಗೆ ಊರೇ ನೆಲದಡಿಯ ಕೋಣೆಗಳಿಗೆ ಇಳಿದು ಕೂರುತ್ತದೆ. ಆ ಕೋಣೆಗೆ ನೆಲಮನೆ ಎನ್ನುತ್ತೇವೆ. ಕಥೆ ಹೇಳುವ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೇಳುವವರು ಎದ್ದು ಹೋಗುವ ಹಾಗೇ ಇಲ್ಲ.

ನಾವು ಕುರುಬರು. ನಮ್ಮ ಕುರಿಗಳನ್ನು ನೋಡಿದರೆ ನೀವು ಆಡೆಂದುಕೊಂಡೀರಿ. ಮೈಮೇಲೆ ತೆಳುವಾದ ಕೂದಲು, ಅಗಲವಾದ ಕಿವಿ, ಕಡ್ಡಿಯಂಥ ಕಾಲು. ಉಣ್ಣೆಯಿಲ್ಲ. ಆದರೂ ನಾಮಕರಣದ ದಿನ ಕೂಸನ್ನು ಕಂಬಳಿಯ ಮೇಲೆ ಮಲಗಿಸುವ ಪದ್ಧತಿಯನ್ನು ಬಿಟ್ಟಿಲ್ಲ. ಹಾಸುವುದು ನಾರಿನ ಬಟ್ಟೆ, ಹಾಡುವುದು ಕಂಬಳಿಯ ಹಾಡು. ವಸ್ತು ಹೋಯಿತು, ಹೆಸರು ಉಳಿಯಿತು.

ನನ್ನ ಹೆಂಡತಿ ಹುಲಿಗೆವ್ವನಿಗೆ ಇದು ಸೇರುತ್ತಿರಲಿಲ್ಲ. ಅವಳ ತವರಿನಿಂದ ಬಂದ, ಅಂಗೈಯಗಲದ ಹಳೇ ಕಂಬಳಿ ತುಂಡೊಂದು ಅವಳಲ್ಲಿತ್ತು. ಆಗಾಗ ಮೂಸಿ ನೋಡುವಳು. ಮಗಳು ಬಸುರಿಯಾದಾಗ, ಹುಟ್ಟುವ ಕೂಸನ್ನು ಖರೇ ಕಂಬಳಿಯ ಮೇಲೇ ಮಲಗಿಸುವುದೆಂದು ಹಟ ಹಿಡಿದಳು. ಅದೇ ವರ್ಷ ನಮ್ಮ ಮಂದೆಯಲ್ಲಿ ಒಂದು ಕುರಿ ಬೆಳೆಯುತ್ತ ಬೆಳೆಯುತ್ತ ಮೈತುಂಬ ಉಣ್ಣೆ ಹೊತ್ತುಕೊಂಡಿತ್ತು. ಎಲ್ಲೋ ಅಪರೂಪಕ್ಕೆ ಹಾಗೆ ಹುಟ್ಟುವುದುಂಟು. ಬಿಸಿಲಿಗೆ ಬದುಕುವುದು ಕಡಿಮೆ. ಅದಕ್ಕೆ ಮುಗಿಲಿ ಎಂದು ಹೆಸರಿಟ್ಟು, ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪವೇ ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಲ್ಲಿಸತೊಡಗಿದಳು.

“ಏನವಾ, ಕುರಿಗೆ ಸಾಲಿ ತಗದೀಯೇನು?” ಎಂದೆ.

“ನಗಬ್ಯಾಡ್ರಿ. ಇವತ್ತು ನಾಲಿಗಿ ಹೊರಗ ಹಾಕಿಲ್ಲ. ಇದು ಕಲಿತ್ರ ಇದರ ಮರಿಗೂ ಬರ್ತೈತಿ.”

“ನಾನು ಕಥಿ ಹೇಳಾಕ ಕಲ್ತೀನಿ. ನಿನ್ನ ಮಗಳು ಬಾಯಿ ತಗದ್ರ ಬರೇ ಆಕಳಿಕಿ ಬರ್ತೈತಲ್ಲ?”

ಮುಗಿಲಿ ಕಲಿತದ್ದು ನಿಜ. ಆದರೆ ಅದರ ಉಣ್ಣೆಯ ಮರಿ ಮೊದಲ ಬಿಸಿಲಿಗೇ ಏದುಸಿರು ಬಿಟ್ಟು, ನೆರಳುಹೊತ್ತು ಶುರುವಾಗುವುದರೊಳಗೆ ಸತ್ತಿತು. ಹುಲಿಗೆವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಮಂದೆಯನ್ನೇ ನೋಡುತ್ತ ಕೂತಳು.

“ಇವಕ್ಕೆಲ್ಲ ಬಿಸಿಲು ಯಾರ್ ಕಲಿಸಿದ್ರು?”

“ಯಾರೂ ಇಲ್ಲ.”

“ಹಂಗಾರ ನಾ ಕಲಿಸೋದು ಸುಳ್ಳು. ತಾಳದವು ಮರಿ ಬಿಡದ ಹೋದ್ವು, ತಾಳಿದವು ಬಿಟ್ಟು ಹೋದ್ವು. ಇಷ್ಟ ಆಗೇತಿ.”

ಇಷ್ಟೇ ಆಗಿತ್ತು. ಯಾವ ಕುರಿಯೂ ಉಣ್ಣೆ ಕಳಚಿಟ್ಟು ಕೂದಲು ತೊಟ್ಟುಕೊಂಡದ್ದಲ್ಲ. ಉಣ್ಣೆಯ ಕುರಿ ಉಣ್ಣೆಯಲ್ಲೇ ಸತ್ತಿತು, ಕೂದಲಿನದು ಕೂದಲಿನಲ್ಲೇ. ತಲೆಮಾರಿನಿಂದ ತಲೆಮಾರಿಗೆ ಬದಲಾದದ್ದು ಮಂದೆ.

ನಾಮಕರಣದ ದಿನ ಮೊಮ್ಮಗಳು ಗಾಳೆವ್ವ ನಾರಿನ ಬಟ್ಟೆಯ ಮೇಲೇ ಮಲಗಿದಳು. ಹುಲಿಗೆವ್ವ ಹಾಡಲಿಲ್ಲ. ಮರುದಿನದಿಂದ ಮುಗಿಲಿಯನ್ನು ಬಿಸಿಲಿಗೆ ಬಿಡದೆ, ನೆರಳುಹೊತ್ತಿಗೆ ನಮ್ಮ ಜೊತೆಯೇ ನೆಲಮನೆಗೆ ಇಳಿಸಿದಳು. ಕಾಲು ಚಾಚಲೂ ಜಾಗವಿಲ್ಲ. ಪಕ್ಕದ ಮನೆಯ ಕರಿಯವ್ವ ಮೇಲಿನಿಂದಲೇ ಕೂಗಿದಳು: “ಕುರಿ ಒಳಗ ತಂದಿ, ಗಂಡನ್ನ ಹೊರಗ ಕಟ್ಟೀ ಏನ ಯಕ್ಕಾ?”

“ಅಂವಗ ಉಣ್ಣಿ ಇಲ್ಲಲ್ಲವಾ, ಹೊರಗ ತಾಳ್ತಾನ!”

ಮುಗಿಲಿ ಮತ್ತೆ ಮತ್ತೆ ಮರಿ ಹಾಕಿತು. ಮರಿಗಳಲ್ಲಿ ಕೆಲವಕ್ಕೆ ಬರೀ ಕೂದಲು, ಕೆಲವಕ್ಕೆ ಕೂದಲ ನಡುವೆ ಚೂರು ಉಣ್ಣೆ. ಅಂಥವನ್ನು ನೆಲಮನೆಯಲ್ಲಿ ಉಳಿಸಿ, ಅವುಗಳೊಳಗೇ ಕೂಡಿಸಿ, ಅವುಗಳ ಮರಿಗಳಲ್ಲೂ ಹುಡುಕಿದಳು. ಒಂದು ಮರಿಯನ್ನೂ ಅವಳು ಬದಲಾಯಿಸಲಿಲ್ಲ. ಯಾವುದರ ಮರಿ ಮುಂದಕ್ಕೆ ಬರಬೇಕೆಂಬುದನ್ನಷ್ಟೇ ಆರಿಸಿದಳು. ಕಂಬಳಿಗೆ ಸಾಲುವಷ್ಟು ಉಣ್ಣೆ ಆಗುವ ಮೊದಲೇ ತೀರಿಹೋದಳು.

ಉಣ್ಣೆಯ ಕುರಿಗಳ ಜೊತೆ ನೆಲಮನೆಯಲ್ಲಿ ಕೂತು ನಾನು ಮುದುಕನಾದೆ. ಈ ವರ್ಷ ಗಾಳೆವ್ವನಿಗೆ ಕೂಸು ಹುಟ್ಟಿತು. ಉಣ್ಣೆಯೂ ಸಾಕಷ್ಟಾಗಿತ್ತು. ನೇಯಲು ಯಾರಿಗೂ ಬರದು. ಹುಲಿಗೆವ್ವನ ಕಂಬಳಿ ತುಂಡನ್ನು ಬಿಚ್ಚಿ ನೋಡಿ, ಮತ್ತೆ ಹೆಣೆದು ಕಲಿತೆವು. ನಿನ್ನೆ ಕೂಸನ್ನು ಹೊಸ ಕಂಬಳಿಯ ಮೇಲೆ ಮಲಗಿಸಿ ಹಾಡು ಎತ್ತಿದೆವು. ಕೂಸು ಕಿಟಾರನೆ ಚೀರಿತು. ಗಾಬರಿಯಾಗಿ ಎತ್ತಿದರೆ ಬೆನ್ನೆಲ್ಲ ಕೆಂಪು. ಕಂಬಳಿ ಚುಚ್ಚುತ್ತದೆ! ನಮ್ಮ ಯಾವ ಹಾಡಿನಲ್ಲೂ ಅದೊಂದು ಮಾತು ಇರಲಿಲ್ಲ. ನೆಲಮನೆಯ ತುಂಬ ನಗು. ನಾನೂ ನಕ್ಕೆ, ಆಮೇಲೆ ಆಗಲಿಲ್ಲ. ಅವಳಿಗೆ ಇದನ್ನು ಹೇಳಬೇಕಿತ್ತು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಮಂದೆಯಲ್ಲಿ ನಿಮ್ಮ ಕಾಲಕ್ಕೆ ಬೇಡವಾದ ಕುರಿ ಒಂದಾದರೂ ಇದ್ದೀತು. ಅದಕ್ಕೆ ಏನನ್ನೂ ಕಲಿಸಬೇಡಿ. ಸ್ವಲ್ಪ ನೆರಳು ಕೊಡಿ, ಮರಿ ಹಾಕಲು ಬಿಡಿ. ಮುಗಿಲಿ ನಮಗೆ ಬಂದದ್ದು ನಿಮ್ಮಲ್ಲಿ ಯಾರೋ ಅಂಥದೊಂದು ಕುರಿಗೆ ಮರಿ ಹಾಕಲು ಬಿಟ್ಟಿದ್ದರಿಂದ.

ಇವತ್ತು ರಾತ್ರಿ ಕಂಬಳಿ ಹೊದ್ದಾಗ ಮೈ ಚುಚ್ಚಿದರೆ, ಬೈಯುವ ಮೊದಲು ಒಂದು ಸಲ ನನ್ನ ಹುಲಿಗೆವ್ವನನ್ನು ನೆನೆಯಿರಿ.

ನಿಮ್ಮವನೇ,
ಕಥೆ ಹೇಳುವ ಹಾಲಸಿದ್ದ